ಆಷಾಢ ಕಳೆಯಲಿ ಅಂದವರು

ಇಂಗ್ಲೆಂಡಿನ ಜನ ಓಟು ಹಾಕಿದ್ದು 2016ರಲ್ಲಿ. ಯುರೋಪಿನ ಒಕ್ಕೂಟ ಬಿಟ್ಟು ಹೊರಗೆ ಹೋಗುತ್ತೇವೆ ಅಂತ ಅವರು ತೀರ್ಮಾನ ಮಾಡಿದ ಬೆಳಿಗ್ಗೆ ನಾನು ಮಿಶಿಗನ್ನಿನ ನೋವೈನಲ್ಲಿ ಉಪ್ಪಿಟ್ಟು ತಿನ್ನುತ್ತಾ ಫೋನಿನಲ್ಲಿ ಸುದ್ದಿ ನೋಡಿ, ಹೋಗಲಿ ಬಿಡು ಅವರಿಷ್ಟ ಅಂದುಕೊಂಡು ಆಫೀಸಿಗೆ ಹೊರಟಿದ್ದೆ. ಆಗ ನನಗೆ ಮದುವೆಯ ಯೋಚನೆ ಕೂಡ ಇರಲಿಲ್ಲ. ಆ ಓಟು ಮೂರು ವರ್ಷ ಬಿಟ್ಟು ನೇರವಾಗಿ ನನ್ನ ಸಂಸಾರದೊಳಗೇ ಬಂದು ಕೂರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಹೆಸರು ಲತಾಶ್ರೀ. ಕಾರಿನಲ್ಲಿ ಕೂತು ಸೀಟನ್ನು ಹಿಂದೆ ಮುಂದೆ ಸರಿಸುತ್ತೀರಲ್ಲ, ಅದರ ಕೆಳಗಿರುವ ಕಬ್ಬಿಣದ ಹಳಿಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಆಫೀಸು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ವರ್ಕ್‌ಶಾಪು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಹೊಸ ಯಂತ್ರ ಕೂಡಿಸಿ, ಅದರಿಂದ ಮೊದಲ ಸರಕು ಸರಿಯಾಗಿ ಹೊರಬರುವ ತನಕ ಅದರ ಬೆನ್ನು ಬಿಡದೆ ಕಾಯುವುದು ನನ್ನ ಕೆಲಸ. ಇದಕ್ಕೆ ನಮ್ಮಲ್ಲಿ ಲಾಂಚ್ ಅನ್ನುತ್ತಾರೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

2019ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಪ್ರಸನ್ನನ ಜೊತೆ ನನ್ನ ಮದುವೆಯಾಯಿತು. ಅವನೂ ಕಾರಿನ ಲೋಕದವನೇ. ಇಂಗ್ಲೆಂಡಿನ ಕವೆಂಟ್ರಿ ಹತ್ತಿರದ ಒಂದು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಗಂಡ ಒಂದು ದೇಶ, ಹೆಂಡತಿ ಒಂದು ದೇಶ, ಇದೆಂಥ ಸಂಬಂಧ ಅಂತ ನೆಂಟರು ಮೂಗು ಮುರಿದರು. ಆದರೆ ನಮ್ಮ ಕಂಪನಿ ಅದೇ ಕವೆಂಟ್ರಿ ಹತ್ತಿರ ಹೊಸ ಘಟಕ ತೆರೆಯುವುದರಲ್ಲಿತ್ತು. ಅದರ ಲಾಂಚ್ ನನ್ನದೇ ಅಂತ ಮ್ಯಾನೇಜರ್ ಕೊವಾಲ್ಸ್ಕಿ ಆರು ತಿಂಗಳು ಮೊದಲೇ ಹೇಳಿಯಾಗಿತ್ತು. ಹಾಗಾಗಿ ಜಾತಕಕ್ಕಿಂತ ಚೆನ್ನಾಗಿ ಕೂಡಿಬಂದದ್ದು ಇದು. ಕೆಲಸವೂ ಉಳಿಯುತ್ತದೆ, ಗಂಡನೂ ಸಿಗುತ್ತಾನೆ. ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಇಂಗ್ಲೆಂಡು ಒಕ್ಕೂಟ ಬಿಡುತ್ತದೆ, ಯಾವುದಕ್ಕೆ ಎಷ್ಟು ಸುಂಕ ಅನ್ನುವುದು ಆವತ್ತು ಗೊತ್ತಾಗುತ್ತದೆ, ಏಪ್ರಿಲ್‌ನಲ್ಲಿ ನೀನು ಹೊರಡು. ಇದು ಕೊವಾಲ್ಸ್ಕಿಯ ಲೆಕ್ಕ.

ಸುಂಕದ ಮಾತು ಯಾಕೆ ಬಂತು ಅಂದರೆ, ನಮ್ಮ ಹಳಿಗೆ ಸ್ಪ್ರಿಂಗು ಜರ್ಮನಿಯಿಂದ ಬರಬೇಕು. ಇಂಗ್ಲೆಂಡಿನಲ್ಲಿ ಬೆಸುಗೆಯಾಗಿ ಮತ್ತೆ ಸ್ಪೇನಿನ ಕಾರಿಗೆ ಹೋಗಬೇಕು. ಒಕ್ಕೂಟದ ಒಳಗಿದ್ದರೆ ಗಡಿಯಲ್ಲಿ ಯಾರೂ ಲಾರಿ ತಡೆಯುವುದಿಲ್ಲ. ಹೊರಗೆ ಹೋದ ಮೇಲೆ? ಅದು ಯಾರಿಗೂ ಗೊತ್ತಿಲ್ಲ. ಓಟು ಹಾಕಿದವರಿಗೂ ಗೊತ್ತಿಲ್ಲ, ಹಾಕಿಸಿದವರಿಗೂ ಗೊತ್ತಿಲ್ಲ.

ಮಾರ್ಚ್ ಬಂತು. ಆ ಪಾರ್ಲಿಮೆಂಟಿನ ಜಗಳವನ್ನು ನಾನು ಊಟದ ಹೊತ್ತಿನಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ. ಮೊಸರನ್ನದ ಡಬ್ಬಿ ಮುಂದೆ, ಕಿವಿಗೆ ಇಯರ್‌ಫೋನು. ಒಂದು ದಿನ ಎಂಟು ದಾರಿಗಳನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ಮತ ಹಾಕಿದರು. ಎಂಟಕ್ಕೂ ಬೇಡ ಅಂದರು. ಹೋಟೆಲಿಗೆ ಬಂದು ಇಡ್ಲಿ ಬೇಡ, ದೋಸೆ ಬೇಡ, ವಡೆ ಬೇಡ, ಎದ್ದು ಹೋಗುವುದೂ ಬೇಡ ಅಂತ ಮೇಜು ಹಿಡಿದುಕೊಂಡು ಕೂತವರ ಹಾಗೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಗಡುವು ಏಪ್ರಿಲ್‌ಗೆ ಹೋಯಿತು, ಏಪ್ರಿಲ್‌ನಿಂದ ಅಕ್ಟೋಬರ್ ಮೂವತ್ತೊಂದಕ್ಕೆ ಹೋಯಿತು.

“ಕ್ಲಾರಿಟಿ ಬರಲಿ, ಲಾಟಾ,” ಅಂದ ಕೊವಾಲ್ಸ್ಕಿ. ನನ್ನ ಹೆಸರು ಅವನ ಬಾಯಲ್ಲಿ ಲಾಟಾ. ಒಳ್ಳೆಯವನೇ. ಅವನ ಅಜ್ಜ ಪೋಲೆಂಡಿನಿಂದ ಬಂದು ಹ್ಯಾಮ್‌ಟ್ರಾಮಿಕ್‌ನಲ್ಲಿ ಕಾರಿಗೆ ಬಾಗಿಲು ಕೂರಿಸುತ್ತಿದ್ದನಂತೆ. ಆದರೆ ಒಳ್ಳೆಯವನಾದರೆ ಏನು ಬಂತು, ಮೇಲಿನವರು ಹೋಲ್ಡ್ ಅಂದರೆ ಇವನೂ ಹೋಲ್ಡ್.

ಯಂತ್ರವೂ ಹೋಲ್ಡ್. ಕವೆಂಟ್ರಿಗೆ ಹೋಗಬೇಕಾದ ಬೆಸುಗೆ ಯಂತ್ರ ಮರದ ಪೆಟ್ಟಿಗೆಗಳಲ್ಲಿ ಕೂತು, ಮೇಲೆ ವಿಳಾಸದ ಚೀಟಿ ಅಂಟಿಸಿಕೊಂಡು, ಸ್ಟರ್ಲಿಂಗ್ ಹೈಟ್ಸ್‌ನ ಗೋದಾಮಿನಲ್ಲಿ ಬಿದ್ದಿತ್ತು. ಆಗಾಗ ಹೋಗಿ ಪೆಟ್ಟಿಗೆ ತೆರೆದು ತುಕ್ಕು ಹಿಡಿದಿದೆಯಾ ಅಂತ ನೋಡಿ ಬರುವುದು ನನ್ನ ಪಾಲಿನ ಲಾಂಚ್ ಆಯಿತು. ಮದುವೆಯಾಗಿ ಗಂಡನ ಮನೆ ಸೇರದೆ ನಾನು, ಕಾರ್ಖಾನೆ ಸೇರದೆ ಅದು. ಗೋದಾಮಿನ ಹುಡುಗರ ಎದುರು ಒಂದು ಸಲ ಆ ಪೆಟ್ಟಿಗೆಗೆ ಕಾಲಲ್ಲಿ ಒದ್ದೆ. ಕಾಲೇ ನೋವಾಯಿತು.

ಪ್ರಸನ್ನ ಮಾತ್ರ ಶಾಂತಮೂರ್ತಿ. ದಿನಾ ವಿಡಿಯೋದಲ್ಲಿ ಬರುತ್ತಿದ್ದ. ನಾನು ಆಫೀಸಿನಿಂದ ಬಂದು ಕಾಫಿ ಮಾಡಿಕೊಳ್ಳುವಾಗ ಅವನಿಗೆ ಮಲಗುವ ಹೊತ್ತು. ಅನ್ನಕ್ಕೆ ನೀರು ಎಷ್ಟು ಇಡಬೇಕು ಅನ್ನುವುದರಿಂದ ಹಿಡಿದು ಅಲ್ಲಿನ ಮಳೆಯ ತನಕ ಎಲ್ಲ ಹೇಳುತ್ತಿದ್ದ. ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ನಾನೇ ಹೋಗಿ ಬಂದೆ. ಸ್ಟೇಷನ್ನಿಗೆ ಹೂವು ತಂದಿದ್ದ. ಬೆಳಿಗ್ಗೆ ನಾನು ಏಳುವ ಮೊದಲು ಎದ್ದು ಅವಲಕ್ಕಿ ಕಲಸಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ನನಗೆ ಅವನು ಇಷ್ಟವಾಗಿದ್ದ. ಅದಕ್ಕೇ ಇಷ್ಟೊಂದು ಸಿಟ್ಟು.

“ಪ್ರಸನ್ನ, ನೀನೇ ಇಲ್ಲಿಗೆ ಬಂದುಬಿಡು,” ಅಂತ ಆವತ್ತೇ ಒಂದು ಸಲ ಅಂದಿದ್ದೆ.

“ನೋಡೋಣ. ಎಲ್ಲಾ ಒಂದು ಸಲ ಕ್ಲಿಯರ್ ಆಗ್ಲಿ,” ಅಂದಿದ್ದ.

ನಮ್ಮ ಭಾಷೆಯಲ್ಲಿ ಈ ‘ನೋಡೋಣ’ದಷ್ಟು ಜಾರುವ ಮಾತು ಇನ್ನೊಂದಿಲ್ಲ. ಹೂಂ ಅಂದವರಿಗೆ ಹೂಂ, ಊಹೂಂ ಅಂದವರಿಗೆ ಊಹೂಂ. ಇಂಗ್ಲೆಂಡಿನವರಿಗೆ ಕನ್ನಡ ಬಂದಿದ್ದರೆ ಮೂರು ವರ್ಷದ ಭಾಷಣಗಳನ್ನೆಲ್ಲ ಇದೊಂದೇ ಮಾತಿನಲ್ಲಿ ಮುಗಿಸಬಹುದಿತ್ತು.

ಜುಲೈ ಮೊದಲ ವಾರದಲ್ಲಿ ಒಂದು ಕಿಂಡಿ ತೆರೆಯಿತು. ಅಲ್ಲಿನ ಪ್ರಧಾನಿ ಇಳಿಯುವುದು ಖಚಿತವಾಗಿತ್ತು, ಹೊಸಬರು ಇನ್ನೂ ಬಂದಿರಲಿಲ್ಲ. ಅಕ್ಟೋಬರ್ ದೂರವಿತ್ತು. ನಮ್ಮ ಕಂಪನಿಯ ದೊಡ್ಡವರಿಗೆ ಅದು ಹೇಗೋ ಧೈರ್ಯ ಬಂತು. ಕೊವಾಲ್ಸ್ಕಿ ನನ್ನ ಮೇಜಿನ ಹತ್ತಿರವೇ ಬಂದು, “ಯಂತ್ರ ಕಳಿಸ್ತಾ ಇದ್ದೀವಿ. ಈ ತಿಂಗಳ ಇಪ್ಪತ್ತೆರಡಕ್ಕೆ ನೀನು ಕವೆಂಟ್ರಿಯಲ್ಲಿರಬೇಕು. ಶುಕ್ರವಾರದೊಳಗೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕು,” ಅಂದ. ಪ್ರಸನ್ನನ ಹೆಂಡತಿ ಅನ್ನುವ ಲೆಕ್ಕದಲ್ಲಿ ನನಗೆ ಅಲ್ಲಿನ ವೀಸಾ ಆಗಲೇ ಬಂದಿತ್ತು, ಅದರ ಮೇಲೆ ಕೆಲಸವನ್ನೂ ಮಾಡಬಹುದಿತ್ತು. ಇನ್ನೇನು ಬೇಕು? ನಾನು ಖುಷಿಯಲ್ಲಿ ಪಾರ್ಕಿಂಗ್ ಲಾಟಿಗೆ ಓಡಿ ಪ್ರಸನ್ನನಿಗೆ ಫೋನ್ ಮಾಡಿದೆ.

“ಸೂಪರ್ ಕಣೇ,” ಅಂದು ಅವನು ಬೇಗ ಫೋನ್ ಇಟ್ಟ. ಮಾರನೆಯ ದಿನ ಅವನೇ ಫೋನ್ ಮಾಡಿದ.

“ಲತಾ, ಒಂದು ಸಣ್ಣ ಪ್ರಾಬ್ಲಂ. ಅಮ್ಮ ಹೇಳ್ತಿದಾರೆ, ಆಷಾಢ ಶುರುವಾಗಿದೆಯಂತೆ. ಮದುವೆ ಆದ ಮೊದಲ ಆಷಾಢ. ಗಂಡ ಹೆಂಡ್ತಿ ಒಟ್ಟಿಗೆ ಇರಬಾರ್ದು, ಹೊಸ ಕೆಲಸಕ್ಕೆ ಸಹಿನೂ ಹಾಕಬಾರ್ದು ಅಂತಾರೆ. ತಿಂಗಳ ಕೊನೇವರೆಗೆ ತಾನೇ? ಆಷಾಢ ಕಳೀಲಿ ಅಂತಿದಾರೆ.”

ನನಗೆ ಮೈ ಉರಿಯಿತು. ಹೊಸ ಸೊಸೆ ಮೊದಲ ಆಷಾಢದಲ್ಲಿ ತವರಿಗೆ ಹೋಗುವುದು ನಮ್ಮ ಕಡೆ ಎಲ್ಲರೂ ನಡೆಸುವ ಶಾಸ್ತ್ರವೇ, ಇಲ್ಲ ಅನ್ನುವುದಿಲ್ಲ. ಆದರೆ ಗಂಡನ ಜೊತೆ ಬಾಳಿದ್ದೇ ಒಟ್ಟು ಒಂದು ತಿಂಗಳಿಲ್ಲ, ಅದರಿಂದ ಬಿಡಿಸಲು ಒಂದು ಆಷಾಢ ಬೇರೆ ಬೇಕೆ? ಅತ್ತೆ ಲಲಿತಮ್ಮನವರು ಮೈಸೂರಿನ ಸರಸ್ವತಿಪುರಂನಲ್ಲಿದ್ದರು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಐದು ತಿಂಗಳ ಹೊಸ ಸೊಸೆ ಅತ್ತೆಗೆ ಫೋನ್ ಮಾಡಿ, ‘ನಿಮ್ಮ ಮಗನ ಹತ್ತಿರ ಹೋಗೋಕೆ ಬಿಡ್ತೀರೋ ಇಲ್ವೋ’ ಅಂತ ಕೇಳುವುದುಂಟೆ? ‘ಅಮ್ಮ ಹೇಳಿದ್ದಾರೆ’ ಅಂತ ಗಂಡ ಅಂದ ಮೇಲೆ ನಮ್ಮಲ್ಲಿ ಅದಕ್ಕೆ ಅಪೀಲಿಲ್ಲ. ಕೊವಾಲ್ಸ್ಕಿಗೆ ಆಷಾಢ ಅಂದರೇನು ಅಂತ ವಿವರಿಸಿದೆ. ಅವನು ಈಸ್ಟರ್ ಹಬ್ಬಕ್ಕೆ ಮುಂಚೆ ನಾವು ಉಪವಾಸ ಇರುವ ಲೆಂಟ್ ಥರವಾ ಅಂದ. ಹೂಂ ಅಂದೆ. ಆಗಸ್ಟ್ ಎರಡಕ್ಕೆ ಸಹಿ ಹಾಕು, ಯಂತ್ರವೂ ಆಮೇಲೇ ಹೋಗಲಿ ಅಂದ.

ಆಷಾಢ ಕಳೆಯುವ ಮೊದಲೇ ಅಲ್ಲಿ ಹೊಸ ಪ್ರಧಾನಿ ಬಂದರು. ಏನಾದರೂ ಸರಿ, ಒಪ್ಪಂದ ಆಗಲಿ ಬಿಡಲಿ, ಅಕ್ಟೋಬರ್‌ನಲ್ಲಿ ಹೊರಗೆ ಹೋಗುವುದೇ ಅಂದರು. ಪೌಂಡು ಬಿತ್ತು. ನಮ್ಮ ದೊಡ್ಡವರ ಧೈರ್ಯವೂ ಅದರ ಜೊತೆಗೇ ಬಿತ್ತು. ಶ್ರಾವಣದ ಮೊದಲ ದಿನ ನಾನು ತಲೆಗೆ ಸ್ನಾನ ಮಾಡಿ, ನೋವೈ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಕುಂಕುಮ ಇಟ್ಟುಕೊಂಡು ಆಫೀಸಿಗೆ ಹೋದರೆ, ಕೊವಾಲ್ಸ್ಕಿ ನನ್ನ ಮುಖ ನೋಡಲಾರದೆ ನಿಂತಿದ್ದ. ಎಲ್ಲಾ ವರ್ಗಾವಣೆ ಫ್ರೀಜ್.

ಆವತ್ತು ಅತ್ತೆಗೆ ಮನಸ್ಸಿನಲ್ಲೇ ನಾನು ಬಯ್ದದ್ದನ್ನು ಬರೆಯಲಾರೆ.

ಅಕ್ಟೋಬರ್ ಮೂವತ್ತೊಂದು ಜನವರಿ ಮೂವತ್ತೊಂದಕ್ಕೆ ಹೋಯಿತು. ನಡುವೆ ಡಿಸೆಂಬರ್ ಹನ್ನೆರಡಕ್ಕೆ ಚುನಾವಣೆ ಅಂದರು. ನಮ್ಮ ಮೊದಲ ದೀಪಾವಳಿಯೂ ವಿಡಿಯೋದಲ್ಲೇ ಆಯಿತು. ಅಳಿಯನಿಗೆ ಅಂತ ನಮ್ಮಪ್ಪ ತಂದಿಟ್ಟ ಪಂಚೆ ಹಾಸನದ ನಮ್ಮ ಮನೆಯ ಬೀರುವಿನಲ್ಲೇ ಉಳಿಯಿತು. ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಇಂದು ಎಂಬವಳು ಒಬ್ಬಟ್ಟು ತಂದುಕೊಟ್ಟಳು. ಇವಳು ಬೆಂಗಳೂರಿನಲ್ಲಿ ಎಂ.ಟೆಕ್ ಮಾಡಿ, ಚಿಪ್ ಡಿಸೈನ್ ಕೆಲಸ ಬಿಟ್ಟು, ಗಂಡನ ಹಿಂದೆ ಎಚ್-ಫೋರ್ ವೀಸಾದ ಮೇಲೆ ಬಂದವಳು. ಆ ವೀಸಾದಲ್ಲಿ ಇಲ್ಲಿ ಇರಬಹುದು, ದುಡಿಯುವ ಹಾಗಿಲ್ಲ. ನಾಲ್ಕು ವರ್ಷದಿಂದ ಮನೆಯಲ್ಲಿದ್ದಾಳೆ. ನೋವೈನಲ್ಲಿ ಯಾವ ಬಡಾವಣೆಗೆ ಹೋದರೂ ಇಂಥ ಇಂದುಗಳಿದ್ದಾರೆ. ಆ ವಿಷಯಕ್ಕೆ ಯಾವ ಗಂಡನಿಗೂ ನಿದ್ದೆ ಕೆಟ್ಟದ್ದನ್ನು ನಾನು ನೋಡಿಲ್ಲ.

ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ರಜೆ ಬಂತು. ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಪ್ರಸನ್ನನ ಅಕ್ಕ ಸ್ಮಿತಾ ಇದ್ದಾರೆ. ಅತ್ತೆ ಮೈಸೂರಿನಿಂದ ಆಗ ತಾನೇ ಮಗಳ ಮನೆಗೆ ಬಂದಿದ್ದರು. “ಲತಾ ಬರಲೇಬೇಕು,” ಅಂತ ಸ್ಮಿತಾ ಅತ್ತಿಗೆ ಎರಡೆರಡು ಸಲ ಫೋನ್ ಮಾಡಿದರು. ಗಂಡನೇ ಇಲ್ಲದೆ ಗಂಡನ ಕಡೆಯವರ ಮನೆಗೆ ಒಬ್ಬಳೇ ಹೋಗುವುದು ನನಗೇನೂ ಇಷ್ಟವಿರಲಿಲ್ಲ. ಅದರಲ್ಲೂ ಆಷಾಢದ ಅತ್ತೆ. ಆದರೂ ಮುಂಜಾನೆ ಎದ್ದು ಐ-94 ಹೆದ್ದಾರಿ ಹಿಡಿದೆ. ಮುನ್ನೂರು ಮೈಲಿಯ ಹತ್ತಿರ ದಾರಿ. ದಾರಿಯುದ್ದಕ್ಕೂ ರೇಡಿಯೋದಲ್ಲಿ ಅದೇ ಇಂಗ್ಲೆಂಡಿನ ಚುನಾವಣೆಯ ಮಾತು. ಕಲಾಮಜೂ ದಾಟುವಾಗ ಆಫ್ ಮಾಡಿದೆ.

ಬಾಗಿಲು ತೆರೆದವರು ಅತ್ತೆಯೇ. ಸೀರೆಯ ಮೇಲೆ ಸ್ಮಿತಾ ಅತ್ತಿಗೆಯ ಗಂಡನ ದಪ್ಪ ಜಾಕೆಟ್ಟು, ಕಾಲಿಗೆ ಉಣ್ಣೆಯ ಸಾಕ್ಸು. ಮದುವೆಯಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದರು. ಬಾಮ್ಮ ಅಂದರು, ಆದರೆ ಮುಖ ಬಿಗಿ. ನನ್ನದೂ ಬಿಗಿ. ಕಾಫಿ ಕೊಟ್ಟರು, ಕುಡಿದೆ. ಸ್ಮಿತಾ ಅತ್ತಿಗೆ ಮೊಸರು ಮುಗಿದಿದೆ ಅಂತ ಗಂಡನ ಜೊತೆ ಅಂಗಡಿಗೆ ಹೊರಟರು. ಅವರ ಮಗಳು ಇಳಾ ಮಹಡಿ ಮೇಲಿಂದ, “ಐ ಆಮ್ ಸ್ಟಾರ್ವಿಂಗ್, ಅಜ್ಜಿ,” ಅಂತ ಕೂಗಿ ಮತ್ತೆ ಕೋಣೆ ಸೇರಿದಳು. ಅಡಿಗೆಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು. ಅವರು ಬಿಸಿಬೇಳೆಬಾತಿಗೆ ಮಸಾಲೆ ಹುರಿಯುತ್ತಿದ್ದರು, ನಾನು ಬೀನ್ಸ್ ಹೆಚ್ಚುತ್ತಿದ್ದೆ.

“ಏನಾಯ್ತಮ್ಮ ಆ ದೇಶದ ಕಥೆ?” ಅಂದರು.

“ಇನ್ನೂ ಏನೂ ಆಗಿಲ್ಲ ಅತ್ತೆ.”

“ನಮ್ಮ ದೊಡ್ಡಪ್ಪನ ಮಗ ಹೀಗೇ ಮಾಡ್ದ. ಪಾಲು ಬೇಕು ಪಾಲು ಬೇಕು ಅಂತ ಕುಣಿದ. ಪಾಲಾದ ಮೇಲೆ ಬಾವಿ ನೀರು ನಿಮ್ಮನೇದೇ ಸೇದ್ಕೋತೀನಿ ಅಂದ.” ಬಾಣಲೆಯಲ್ಲಿ ಕೈಯಾಡಿಸುತ್ತಾ, ನನ್ನ ಕಡೆ ತಿರುಗದೆಯೇ ಅಂದರು: “ಲತಾ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬಾರ್ದು. ನಿನಗೆ ಅವನ ಹತ್ರ ಹೋಗೋಕೆ ಇಷ್ಟ ಇಲ್ವಾ?”

ಚಾಕು ಕೆಳಗಿಟ್ಟೆ.

“ಹಾಗಂತೀರಲ್ಲ ಅತ್ತೆ! ಜುಲೈನಲ್ಲಿ ನಾನು ಸೂಟ್‌ಕೇಸ್ ಹೊರಗೆ ತೆಗೆದಿದ್ದೆ. ಕಂಪನಿ ಹೂಂ ಅಂದಿತ್ತು. ನೀವೇ ಆಷಾಢ ಕಳೀಲಿ ಅಂದ್ರಿ. ಅಷ್ಟರಲ್ಲಿ ಎಲ್ಲಾ ಕೈತಪ್ಪಿ ಹೋಯ್ತು.”

ಅತ್ತೆ ಒಲೆ ಆರಿಸಿದರು.

“ನಾನಾ?”

“ಹೂಂ, ನೀವೇ. ಪ್ರಸನ್ನ ಹೇಳಿದ್ರು.”

“ಅಯ್ಯೋ ರಾಮ. ನಾನ್ಯಾಕಮ್ಮ ಹಾಗನ್ನಲಿ? ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗಿಲು ದಾಟಬಾರ್ದು ಅಂತಾರೆ. ನಾನು ಮೈಸೂರಲ್ಲಿ, ನೀನು ಅಮೆರಿಕದಲ್ಲಿ, ಅವನು ಇನ್ನೆಲ್ಲೋ. ಯಾವ ಬಾಗಿಲು ಅಂತ ದಾಟೋದು? ಮೊದಲು ಹೋಗಿ ಸೇರ್ಕೊಳ್ಳಲಿ, ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಲಿ, ಸಾಕು ಅಂದೆ. ಅವನೇ ಅಂದ, ಲತಾ ಮನೆಯವರು ತುಂಬಾ ಶಾಸ್ತ್ರ ನೋಡ್ತಾರೆ, ಅವರಮ್ಮ ಒಪ್ತಾ ಇಲ್ಲ, ಆಷಾಢ ಕಳೀಲಿ ಅಂತಿದಾರೆ ಅಂತ.”

ನಮ್ಮಮ್ಮ! ರಾಹುಕಾಲದಲ್ಲಿ ಬಸ್ಸು ಖಾಲಿ ಇರುತ್ತೆ ಅಂತ ಅದೇ ಹೊತ್ತಿಗೆ ಊರಿಗೆ ಹೊರಡುವ ನಮ್ಮಮ್ಮ!

ಅತ್ತೆಗೆ ನನ್ನ ಅಮ್ಮನ ಹೆಸರು ಹೇಳಿದ್ದ, ನನಗೆ ಅವನ ಅಮ್ಮನ ಹೆಸರು ಹೇಳಿದ್ದ. ಬೀಗಿತ್ತಿಯರು ಒಬ್ಬರಿಗೊಬ್ಬರು ಫೋನ್ ಮಾಡಿ ಇಂಥದ್ದನ್ನು ಕೇಳುವುದಿಲ್ಲ, ಸೊಸೆ ಅತ್ತೆಯನ್ನು ಕೇಳುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನಾಲ್ಕು ತಿಂಗಳಿಂದ ನಿಮ್ಮಮ್ಮನ್ನ ಬಯ್ಕೊಂಡಿದೀನಲ್ಲೇ,” ಅಂದರು ಅತ್ತೆ.

ನಾನು ಫೋನ್ ತೆಗೆದುಕೊಂಡು ಹೊರಗೆ ನಡೆದೆ. ಡ್ರೈವ್‌ವೇಯಲ್ಲಿ ನಿಂತಿದ್ದ ನನ್ನ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಕೋಟು ಒಳಗೇ ಬಿಟ್ಟುಬಂದಿದ್ದೆ. ಅಲ್ಲಿ ಸಂಜೆ ಏಳು ದಾಟಿರಬೇಕು. ಫೋನನ್ನು ಸ್ಪೀಕರಿಗೆ ಹಾಕಿ ಪ್ರಸನ್ನನಿಗೆ ಮಾಡಿದೆ, ಮೊದಲ ರಿಂಗಿಗೇ ಎತ್ತಿದ. ಹಿಂದೆ ಕುಕ್ಕರಿನ ಸದ್ದು.

“ತಲುಪಿದ್ಯಾ? ಊಟ ಆಯ್ತಾ?”

“ಆಷಾಢ ಕಳೀಲಿ ಅಂತ ಯಾರು ಹೇಳಿದ್ದು ಪ್ರಸನ್ನ?”

“ಯಾವ ಆಷಾಢ?”

“ನಮ್ಮ ಮದುವೆ ಆದ್ಮೇಲೆ ಬಂದಿರೋದು ಒಂದೇ ಆಷಾಢ.”

ಕುಕ್ಕರು ಕೂಗಿತು. ಅವನು ಅದನ್ನು ಆರಿಸಲು ಹೋಗಿ ಬರುವಷ್ಟು ಹೊತ್ತು ತೆಗೆದುಕೊಂಡ.

“ಅಮ್ಮ ಏನಾದ್ರೂ ಅಂದ್ರಾ?” ಅಂದ.

“ಎಲ್ಲಾ ಅಂದ್ರು.”

ಆಮೇಲೆ ಹೇಳಿದ. ಜೂನ್‌ನಲ್ಲೇ ಅವನ ಕಾರ್ಖಾನೆಯಲ್ಲಿ ಒಂದು ಶಿಫ್ಟು ನಿಲ್ಲಿಸಿದ್ದರಂತೆ. ಒಪ್ಪಂದವಿಲ್ಲದೆ ದೇಶ ಹೊರಗೆ ಹೋದರೆ ಅವನ ತಂಡವನ್ನು ಸ್ಲೊವಾಕಿಯಾದ ಕಾರ್ಖಾನೆಗೆ ಕಳಿಸಬಹುದು, ಇಲ್ಲವೇ ಮನೆಗೇ ಕಳಿಸಬಹುದು ಅಂದಿದ್ದರಂತೆ. “ನಿನ್ನ ವೀಸಾ ನನ್ನ ಕೆಲಸದ ಮೇಲೆ ನಿಂತಿತ್ತಲ್ಲ ಲತಾ. ನೀನು ಅಲ್ಲಿಂದ ಎದ್ದು ಬಂದು, ಇಲ್ಲಿ ನಂದೂ ಹೋದ್ರೆ? ಇಬ್ರೂ ಬೀದೀಲಿರ್ತಿದ್ವಿ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ನೀನು ಅಷ್ಟು ಖುಷಿಯಾಗಿದ್ದೆ. ಅಷ್ಟರಲ್ಲಿ ಅಮ್ಮ ಆಷಾಢದ ವಿಷಯ ತೆಗೆದ್ರು, ಹೊರಡೋ ಮುಂಚೆ ದೀಪ ಹಚ್ಚಿ ಅಂತ. ಅದೇ ಒಂದು ನೆಪ ಆಯ್ತು. ಮೂರು ವಾರದಲ್ಲಿ ಏನಾದ್ರೂ ಗೊತ್ತಾಗುತ್ತೆ ಅಂದ್ಕೊಂಡೆ.”

ಹೆದರಿದ್ದ. ಅಷ್ಟೇ. ನನಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಇನ್ನಷ್ಟು ಉರಿಯಿತು.

“ನನಗೆ ಹೇಳಿದ್ರೆ ನಾನೂ ಹೆದರ್ತಿದ್ದೆ. ಇಬ್ರೂ ಸೇರಿ ಹೆದರ್ತಿದ್ವಿ. ಅದಕ್ಕೇ ತಾನೇ ಕಣೋ ಮದುವೆ ಆಗೋದು?”

“ಸಾರಿ ಕಣೇ.”

“ಸರಿ, ಆಗಿದ್ದು ಆಯ್ತು. ಈಗ ಕೇಳು. ನನ್ನ ಕೆಲಸ ಇಲ್ಲಿ ಗಟ್ಟಿಯಿದೆ. ನೀನು ಇಲ್ಲಿಗೆ ಬಾ. ಎಚ್-ಫೋರ್ ಅಪ್ಲೈ ಮಾಡ್ತೀನಿ. ಒಂದೆರಡು ವರ್ಷ ಕೆಲಸ ಇರಲ್ಲ, ಓದ್ಕೋ, ಕಾರ್ ಓಡಿಸೋದು ಕಲಿ, ಅಡಿಗೆ ನಿನಗೆ ಬರುತ್ತೆ. ಆಮೇಲೆ ನಿನಗೂ ಒಂದು ದಾರಿ ಹುಡುಕೋಣ.”

“ನೋಡೋಣ ಲತಾ. ಹನ್ನೆರಡನೇ ತಾರೀಕು ಎಲೆಕ್ಷನ್ ಇದೆಯಲ್ಲ, ಅದರಲ್ಲಿ ಒಂದು ಕ್ಲಿಯರ್ ಮೆಜಾರಿಟಿ ಬಂದ್ರೆ—”

“ಆ ಎಲೆಕ್ಷನ್ನನ್ನ ನಮ್ಮಿಬ್ರ ಮಧ್ಯೆ ತರಬೇಡ!” ಕಿರುಚಿದೆ. ಎದುರು ಮನೆಯ ನಾಯಿ ಬೊಗಳಿತು. “ಜನವರಿಯೂ ಬೇಡ, ಡಿಸೆಂಬರೂ ಬೇಡ. ಈಗ ಹೇಳು. ಬರ್ತೀಯಾ, ಬರಲ್ವಾ?”

ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಕಾರಿನ ಗಾಜೆಲ್ಲ ನನ್ನ ಉಸಿರಿನಿಂದ ಮಬ್ಬಾಗಿತ್ತು. ಯಾರೋ ಗಾಜು ತಟ್ಟಿದರು. ಅತ್ತೆ, ನನ್ನ ಕೋಟು ಹಿಡಿದುಕೊಂಡು ನಿಂತಿದ್ದರು. ನಾನು ಬಾಗಿಲು ತೆರೆದೆ. ಮಾತು ನಿಲ್ಲಿಸಲಿಲ್ಲ, ಸ್ಪೀಕರ್ ಕೂಡ ಆರಿಸಲಿಲ್ಲ.

“ಬರಲ್ಲ,” ಅಂದ ಪ್ರಸನ್ನ.

ಇಡೀ ವರ್ಷದಲ್ಲಿ ಆ ದೇಶದಿಂದ ನನಗೆ ಬಂದ ಮೊದಲ ನೇರ ಉತ್ತರ ಅದು.

“ಹೆಂಡ್ತಿ ವೀಸಾ ಮೇಲೆ ಬಂದು ಮನೇಲಿ ಕೂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಲತಾ. ಹುಚ್ಚು ಹಿಡಿಯುತ್ತೆ. ನಾಲ್ಕು ಜನರ ಎದುರು ಏನು ಅಂತ ಹೇಳ್ಲಿ? ಹೀಗ್ಮಾಡು, ನೀನೇ ಬಾ. ಕಂಪನಿ ಕಳಿಸದಿದ್ರೆ ಬೇಡ, ಬಿಟ್ಟು ಬಾ. ಇಲ್ಲೇನಾದ್ರೂ ಹುಡುಕ್ಕೋಬಹುದು. ಸಿಗದಿದ್ರೂ ಏನಂತೆ? ಹೆಂಗಸರಿಗಾದ್ರೆ ಹೇಗೋ ನಡೆಯುತ್ತೆ.”

ಸಿಟ್ಟು ಮಾಡಲು ಇಷ್ಟು ದಿನ ನನಗೆ ಒಂದು ಪಾರ್ಲಿಮೆಂಟ್ ಇತ್ತು, ಒಬ್ಬ ಕೊವಾಲ್ಸ್ಕಿ ಇದ್ದ, ಒಬ್ಬರು ಅತ್ತೆ ಇದ್ದರು. ಅವರೆಲ್ಲ ಒಂದೇ ಸಲಕ್ಕೆ ಪಕ್ಕಕ್ಕೆ ಸರಿದುಬಿಟ್ಟರು.

ಅತ್ತೆ ಕೋಟನ್ನು ನನ್ನ ಹೆಗಲಿಗೆ ಹೊದಿಸಿ, ಬಗ್ಗಿ, ಫೋನಿನ ಹತ್ತಿರ ಬಾಯಿ ತಂದರು.

“ಪ್ರಸನ್ನ, ನಾನು ಅಮ್ಮ.”

“ಅಮ್ಮಾ? ನೀವು... ನೀವು ಕೇಳಿಸ್ಕೋತಿದ್ರಾ?”

“ಹೂಂ. ಇನ್ಮೇಲೆ ಹೇಳೋದೇನಿದ್ರೂ ನಿನ್ನ ಹೆಸರಲ್ಲಿ ಹೇಳಪ್ಪ. ನನ್ನ ಹೆಸರಲ್ಲಿ ಹೇಳಬೇಡ.”

ಅವನು ಲತಾ, ಲತಾ ಅಂತ ಎರಡು ಸಲ ಕರೆದ. ನಾನು ಹೇಳಬೇಕಾದ ಮಾತು ಆಗ ಸಿಕ್ಕಿತು. “ನಾನೂ ಬರಲ್ಲ ಪ್ರಸನ್ನ,” ಅಂದೆ. ದನಿ ಎತ್ತಲೇ ಇಲ್ಲ. ಫೋನ್ ಇಟ್ಟೆ.

ಅತ್ತೆ ಸುತ್ತು ಬಂದು ಪಕ್ಕದ ಸೀಟಿನಲ್ಲಿ ಕೂತರು. ಬಾಗಿಲು ಹಾಕಲು ಬರದೆ ಒದ್ದಾಡಿದರು, ನಾನು ಬಗ್ಗಿ ಎಳೆದು ಹಾಕಿದೆ. ಹೀಟರ್ ಹಾಕಿದೆ. ಮಗನನ್ನು ಬಿಟ್ಟುಕೊಡುವ ಮಾತು ತಾಯಿಗೆ ಸುಲಭವಲ್ಲ, ಆದರೂ ಅವರು ಬಗ್ಗಿ ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ಅದನ್ನು ನೋಡಿ ನನಗೆ ಅವರ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.

“ನಾನೂ ನಿಮ್ಮನ್ನ ತುಂಬಾ ಬಯ್ದಿದೀನಿ ಅತ್ತೆ.”

“ಬಯ್ದಿರ್ತೀಯ ಬಿಡು. ಬಯ್ಯಬೇಕಾದವನಿಗೆ ಇಬ್ರೂ ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಿದ್ವಿ.”

ಅದಕ್ಕೆ ನಗಬೇಕು ಅನ್ನಿಸಿತು. ನಗು ಅರ್ಧಕ್ಕೆ ಬಂದು ಅಳುವಾಯಿತು. ನಾನು ಸ್ಟೀರಿಂಗ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆ ಪಾರ್ಲಿಮೆಂಟಿಗೆ ವರ್ಷವಿಡೀ ಶಾಪ ಹಾಕಿದ್ದೆ, ಪ್ರಸನ್ನನಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.